ನಡುವಿನ ಪಟ್ಟಿ

ವಾಟ್ನಿ, ಅಂದರೆ ಪಾಲು ಹಂಚಿಕೆ, ಎಂಬ ಮಾತನ್ನು ನಾನೀಗ ಮನೆಯೊಳಗೆ ಆಡುವುದಿಲ್ಲ. ಗಿರಾಕಿಯ ಫೋನ್ ಬಂದರೆ ಎದ್ದು ಹೊರಗೆ ಹೋಗಿ, ಎಮ್ಮೆಯ ಪಕ್ಕ ನಿಂತು, ಪಾರ್ಟಿಷನ್ ಅಂತ ಚೊಕ್ಕ ಇಂಗ್ಲಿಷಿನಲ್ಲೇ ಹೇಳುತ್ತೇನೆ. ಅವರಿಗೆ ತಿಳಿಯದಿದ್ದರೆ ತಿಳಿಯದಿರಲಿ. ತಿಳಿಸಲು ಹೋಗಿ ಒಮ್ಮೆ ಆದದ್ದು ಸಾಕು.

ನನ್ನದು ಕಂಪ್ಯೂಟರ್ ರಿಪೇರಿಯ ಕೆಲಸ. ಮನೆ ಕೊಣ್ಣೂರಿನಲ್ಲಿ. ಆದರೆ ಮನೆಯಲ್ಲಿ ನಾನು ಸಿಗುವುದು ಕಡಿಮೆ. ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ಬೈಕಿನ ಮೇಲೆ ತಿರುಗುತ್ತಿರುತ್ತೇನೆ. ಕೆಲಸ ಇರಲಿ ಬಿಡಲಿ, ಒಂದು ಕಡೆ ಕೂರುವುದು ನನ್ನಿಂದಾಗದು. ಉಣ್ಣಲು ಕೂತಾಗಲೂ ಎಡಗೈ ಬೆರಳಿಗೆ ಕೀಲಿ ಸಿಗಿಸಿಕೊಂಡು ತಿರುಗಿಸುತ್ತಿರುತ್ತೇನೆ. ಇವನ ಕಾಲಾಗ ಚಕ್ರ ಐತಿ ಅಂತ ಅವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ಮೊದಮೊದಲು ನಗುತ್ತ ಹೇಳುತ್ತಿದ್ದಳು.

ಹೊಲ ನೋಡುವವನು ಅಣ್ಣ. ಅಪ್ಪ ತೀರಿಕೊಂಡ ಮೇಲೆ ಪಹಣಿ ಉತಾರದಲ್ಲಿ ಹೊಲ ಮೂರಾಗಿದೆ. ಕಾಲುವೆಯ ಕಡೆಯದು ಅಣ್ಣನ ಹೆಸರಿಗೆ, ರಸ್ತೆಯ ಕಡೆಯದು ನನ್ನ ಹೆಸರಿಗೆ, ನಡುವೆ ಒಂದು ಸಣ್ಣ ಪಟ್ಟಿ ಅವ್ವನ ಹೆಸರಿಗೆ. ಅದು ಕಾಗದದ ಮಾತು. ಕಬ್ಬು ಒಂದೇ, ಮೋಟಾರು ಒಂದೇ, ಮನೆಯಲ್ಲಿ ಒಲೆಯೂ ಒಂದೇ. ಕರೆಂಟು ಯಾವಾಗ ಬರುತ್ತದೋ ಆವಾಗ ಎದ್ದು ಹೋಗಿ ನೀರು ಹಾಯಿಸುವವನು ಮಾತ್ರ ಅಣ್ಣ. ಅವನು ಅದನ್ನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ, ನಾನೂ ಕೇಳಿದವನಲ್ಲ.

ಅವತ್ತು ಬೆಳಿಗ್ಗೆ ಮೂಡಲಗಿಯ ಸಾವ್ಕಾರರ ಫೋನ್ ಬಂತು. ಬೀಜ, ಗೊಬ್ಬರದ ದೊಡ್ಡ ವ್ಯಾಪಾರ ಅವರದು. ಮೂಡಲಗಿಯಲ್ಲಿ ಮುಖ್ಯ ಅಂಗಡಿ, ಹುಕ್ಕೇರಿಯಲ್ಲಿ ಇನ್ನೊಂದು. ಎರಡೂ ಕಡೆಯ ಬಿಲ್ಲು ಮೂಡಲಗಿಯ ಒಂದೇ ಸರ್ವರಿನಿಂದ ಹೊರಡಬೇಕು, ಅದು ಕೆಮ್ಮುತ್ತ ಕೂತಿತ್ತು. ಹಿಂದಿನ ದಿನವೇ ನೋಡಿ ಬಂದಿದ್ದೆ. ಮೊದಲು ಕೂರಿಸಿದವರು ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡುವಾಗ ಸಿ ಭಾಗಕ್ಕೆ ಒಂದು ಹಿಡಿ ಜಾಗ ಕೊಟ್ಟು, ಉಳಿದದ್ದನ್ನೆಲ್ಲ ಡಿಗೆ ಸುರಿದಿದ್ದರು. ಸಿ ತುಂಬಿ ತುಳುಕುತ್ತಿತ್ತು, ಡಿಯಲ್ಲಿ ಅರ್ಧ ಖಾಲಿ. ಅಲ್ಲಿಂದ ಇಲ್ಲಿಗೆ ಸರಿಸೋಣವೆಂದರೆ ಎರಡರ ನಡುವೆ ರಿಕವರಿ ಎಂಬ ಸಣ್ಣ ಪಟ್ಟಿ. ಸರ್ವರು ಕೆಟ್ಟು ಮಲಗಿದರೆ ಎಬ್ಬಿಸಲೆಂದು ಇಟ್ಟ ಜಾಗ ಅದು. ತನ್ನ ಬದಿಗೇ ಅಂಟಿಕೊಂಡ ಖಾಲಿ ಜಾಗವನ್ನಷ್ಟೇ ಸಿ ಒಳಗೆ ಹಾಕಿಕೊಳ್ಳುತ್ತದೆ, ಪಟ್ಟಿ ದಾಟಿ ಕೈಚಾಚುವುದಿಲ್ಲ.

ಇದನ್ನೆಲ್ಲ ಸಾವ್ಕಾರರಿಗೆ ಹೇಗೆ ಹೇಳುವುದು? ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತ, ಅವರಿಗೆ ತಿಳಿಯುವ ಮಾತಿನಲ್ಲೇ ಹೇಳಿದೆ.

"ಮೊದಲ ಮಾಡಿದ ವಾಟ್ನೀನ ತಪ್ಪೈತ್ರಿ. ಒಬ್ಬಾಂವಗ ಉಸಿರಾಡಾಕ ಜಾಗ ಇಲ್ಲ, ಬಾಜೂದಾಂವಂದು ಅರ್ಧ ಖಾಲಿ ಬಿದ್ದೈತಿ. ನಡುವ ಒಂದು ಸಣ್ಣ ಪಟ್ಟಿ ಅಡ್ಡ ಕುಂತೈತ್ರಿ. ಅದನ್ನ ತಗದು ಒಂದು ಮೂಲಿಗೆ ಹಾಕಿ, ಎಲ್ಲಾ ಒಡದು ಹೊಸಾ ವಾಟ್ನಿ ಮಾಡೂಣ್ರಿ. ಇವತ್ತ ಮುಗಿಸಿ ಬಿಡ್ತೇನಿ."

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಯಾರ ಜೋಡಿ ಮಾತಾಡಿದಿ ಅಂತ ಕೇಳಿದಳು. ಮೂಡಲಗಿ ಸಾವ್ಕಾರ್ರ ಜೋಡಿ ಅಂದೆ. ಹತ್ತೂರಿನ ಅಣ್ಣತಮ್ಮಂದಿರ ವಾಟ್ನಿಗೆ ಹಿರಿಯರಾಗಿ ಕೂರುವವರು ಅದೇ ಸಾವ್ಕಾರರು ಎಂಬುದು ನನಗೆ ಹೊಳೆಯಲಿಲ್ಲ. ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ಕಾಯದೆ ಎದ್ದೆ. ಅವ್ವ ಕೂರು ಅನ್ನಲಿಲ್ಲ. ದಿನಾ ಅನ್ನುವವಳು.

ಗೋಕಾಕ ದಾಟಿ ಕಲ್ಲೋಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಹಾರ್ನ್ ಬಡಿದು ಬಡಿದು ಮೂಡಲಗಿ ಸೇರಿದೆ. ಅಂಗಡಿಗೆ ವಾರದ ರಜೆ, ಕಾಟ ಕೊಡುವವರಿಲ್ಲ ಅಂದುಕೊಂಡರೆ ಹುಕ್ಕೇರಿ ಅಂಗಡಿಯ ಮ್ಯಾನೇಜರು ಗಳಿಗೆಗೊಮ್ಮೆ ಫೋನ್ ಮಾಡಿ ಮುಗೀತೇನ್ರಿ ಅಂತ ಕೇಳುತ್ತಿದ್ದ. ಡಿಯಲ್ಲಿದ್ದದ್ದನ್ನೂ ಪಟ್ಟಿಯಲ್ಲಿದ್ದದ್ದನ್ನೂ ಹೊರಗಿನ ಡಿಸ್ಕಿಗೆ ಇಳಿಸಿ, ತೆರೆದು ನೋಡಿ ಖಾತ್ರಿ ಮಾಡಿಕೊಂಡೆ. ಆಮೇಲೆ ಡಿ ಅಳಿಸಿದೆ. ಪಟ್ಟಿಯನ್ನೂ ಅಳಿಸಿದೆ. ಸಿ ಹಿಗ್ಗಿಸಿದೆ, ಹೊಸ ಡಿ ಮಾಡಿದೆ, ಡಿಸ್ಕಿನ ತುದಿಯಲ್ಲಿ ಪಟ್ಟಿಗೆ ಹೊಸ ಜಾಗ ಕೊಟ್ಟೆ. ಇಳಿಸಿದ್ದನ್ನು ವಾಪಸ್ ಏರಿಸಲು ಹಚ್ಚಿದೆ.

ಇನ್ನು ಕಾಯುವುದೊಂದೇ ಕೆಲಸ. ನನಗೆ ಬಾರದ ಕೆಲಸವೆಂದರೆ ಅದೊಂದೇ. ಸಾವ್ಕಾರರ ಇಷ್ಟು ವರ್ಷದ ವ್ಯವಹಾರವೆಲ್ಲ ಅಂಗೈಯಗಲದ ಡಬ್ಬಿಯೊಂದರಲ್ಲಿ ಕೂತಿದೆ, ಈಗ ಯಾರಾದರೂ ವೈರು ಎಡವಿದರೆ ನನ್ನ ಕಥೆ ಮುಗಿದಂತೆ. ಎದ್ದೆ, ಕೂತೆ. ಗೊಬ್ಬರದ ಚೀಲಗಳ ನಡುವೆ ಓಡಾಡಿದೆ. ಚಹಾ ತರಿಸಿ ಕುಡಿಯದೆ ಬಿಟ್ಟೆ. ಪರದೆಯ ಮೇಲಿನ ಹಸಿರು ಗೆರೆ ಇರುವೆಗಿಂತ ನಿಧಾನ ಹೋಗುತ್ತಿತ್ತು.

ಅಷ್ಟರಲ್ಲಿ ಅಣ್ಣನ ಫೋನ್. ಹಗಲು ಹೊತ್ತಿನಲ್ಲಿ ಅವನು ಫೋನ್ ಮಾಡುವವನೇ ಅಲ್ಲ. ಅವ್ವನಿಗೇನಾದರೂ ಆಯಿತೋ ಅಂತ ಗಡಬಡಿಸಿ ಎತ್ತಿದೆ.

"ಅವ್ವ ಎಲ್ಲಾ ಹೇಳಿದ್ಳು," ಅಂದ. "ವಾಟ್ನಿ ಸಲವಾಗಿ ಸಾವ್ಕಾರ್ರ ಜೋಡಿ ಮಾತಾಡಿದಿ ಅಂತಲ್ಲ. ನೀನಾಗಿ ಮಾತ ತಗದಿ, ಚಲೋ ಆತು. ನನ್ನ ಬಾಯಿಗಿ ಬಂದು ಬಂದು ಹೋಗ್ತಿತ್ತು. ನೀ ಊರೂರು ತಿರಗತಿ, ಹೊಲದಾಗ ನಾ ಒಬ್ಬಾಂವ ಎಷ್ಟಂತ ನಿಂದ್ರಲಿ? ನಿಂದು ನೀ ನೋಡ್ಕೊ, ನಂದು ನಾ ನೋಡ್ಕೊತೇನಿ. ಒಲಿ ಸುದ್ಧಾ ಬ್ಯಾರೆ ಆಗ್ಲಿ. ಆದ್ರ ಅವ್ವನ ಪಟ್ಟಿಗೆ ಕೈ ಹಚ್ಚಬ್ಯಾಡ."

ಬೆಳಗಿನ ನನ್ನ ಮಾತು ಒಂದೊಂದಾಗಿ ನೆನಪಾಯಿತು. ಸಣ್ಣ ಪಟ್ಟಿ, ಅಡ್ಡ, ಮೂಲೆ. ನಗು ಬರಬೇಕಿತ್ತು, ಸಿಟ್ಟು ಬಂತು. ಅಣ್ಣಾ, ಅದು ಮಶೀನಿನ ಮಾತೋ ಅಂದುಬಿಟ್ಟಿದ್ದರೆ ಅವನು ಹೌದೇನು ಅಂತ ಪೆಚ್ಚಾಗಿ ಫೋನ್ ಇಡುತ್ತಿದ್ದ. ಆದರೆ ಅವನ ದನಿಯಲ್ಲಿ ಹೊತ್ತ ಮೂಟೆ ಇಳಿಸಿದವನ ಹಗುರ ಇತ್ತು. ಆ ಹಗುರ ಕೇಳಿದ ಮೇಲೆ ನಾನು ಅದನ್ನು ಹೇಳಲಿಲ್ಲ. ಮನೆಗೆ ಬಂದು ಮಾತಾಡುತ್ತೇನೆ ಅಂತಷ್ಟೇ ಹೇಳಿದೆ.

ಗೆರೆ ಕೊನೆ ಮುಟ್ಟಿತು. ಬಿಲ್ಲು ತೆಗೆದು ನೋಡಿದೆ, ಹುಕ್ಕೇರಿಯಿಂದಲೂ ತೆಗೆಸಿದೆ, ಎರಡೂ ಕಡೆ ಸರಾಗ. ಸಾವ್ಕಾರರು ಬೆನ್ನು ತಟ್ಟಿ, ವಾಟ್ನಿ ಅಂದ್ರ ಹಿಂಗಿರಬೇಕು ನೋಡ, ಜಗಳಿಲ್ಲ ಜೂಟಿಲ್ಲ ಅಂದರು. ಅವರ ಮುಖ ನೋಡದೆ ಬೈಕ್ ಹತ್ತಿದೆ. ದಾರಿಯಲ್ಲಿ ಎಷ್ಟು ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿದೆನೋ ನೆನಪಿಲ್ಲ.

ಸಂಜೆ ಮನೆಯಲ್ಲಿ ಅಣ್ಣ ಗೋಡೆಗೆ ಒರಗಿ ಕೂತಿದ್ದ. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಅವನು ಪಡಸಾಲೆಯಲ್ಲಿ ಅವ್ವನ ಎದುರಿಗೇ ಕೂತು ನನಗೆ ಫೋನ್ ಮಾಡಿದ್ದನಂತೆ. ಅವ್ವ ನೀರು ತಂದುಕೊಟ್ಟು ನನ್ನ ಮುಂದೆ ಕೂತಳು.

"ನನ್ನ ಪಟ್ಟಿ ಅಡ್ಡ ಬರತಿದ್ರ ಬರಕೊಡ್ತೇನಿ, ತಮ್ಮಾ," ಅಂದಳು. "ಮೂಲಿಗೆ ಹಾಕೂಣು ಅಂತ ಮಂದಿ ಮುಂದ ಯಾಕ ಅಂದಿ?"

ನನ್ನ ಕಣ್ಣಲ್ಲಿ ನೀರೇ ಬಂತು. ಸಿಯನ್ನೂ ಡಿಯನ್ನೂ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಪಟ್ಟಿ ಎಲ್ಲಿತ್ತು, ಏಕೆ ತೆಗೆದೆ, ಅದೇ ಪಟ್ಟಿ ಇಲ್ಲದಿದ್ದರೆ ಬಿದ್ದ ಮಶೀನನ್ನು ಎಬ್ಬಿಸುವವರೇ ಇಲ್ಲ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಸಮಾಧಾನವಾಗತೊಡಗಿತು, ಎಲ್ಲ ತಿಳಿಯಾಯಿತು ಅನಿಸಿತು. ಅವ್ವ ಕೊನೆಯವರೆಗೂ ಕೇಳಿದಳು. ನೆಲದ ಗೆರೆಗಳನ್ನು ಸೆರಗಿನಿಂದ ಒರೆಸಿದಳು.

"ನೀ ಅಂದದ್ದು ಮಶೀನಿಂದು. ತಿಳೀತು," ಅಂದಳು. "ನಿಮ್ಮಣ್ಣ ಅಂದದ್ದು?"

ಅಣ್ಣ ಕಾಲಿನ ಕೆಸರು ಕೆರೆದ. ಆಮೇಲೆ ತಲೆ ಎತ್ತದೆ ಹೇಳಿದ.

"ನಾ ಅಂದದ್ದು ಹೊಲದ್ದ, ಅವ್ವಾ."

ನಾನು ಎದ್ದು ನಿಂತೆ. ಹೊರಗೆ ಹೋಗಬೇಕು, ಎಲ್ಲಿಗಾದರೂ ಸರಿ. ಗೂಡಿನಲ್ಲಿ, ಮೊಳೆಯಲ್ಲಿ, ಅಂಗಿಯ ಜೇಬಿನಲ್ಲಿ ಬೈಕಿನ ಕೀಲಿ ಹುಡುಕಿದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ಕೀಲಿ ನನ್ನ ಬೆರಳಲ್ಲೇ ತಿರುಗುತ್ತಿತ್ತು.