ನೇಮಣ್ಣ ಸಾಕಿದ ಜೀವಗಳು

ನೇಮಣ್ಣನವರ ಕೈಗೆ ಕುಡಿಯುವ ನೀರು ಕೊಡಲು ನಮ್ಮೂರಿನ ಜನ ಹೆದರುತ್ತಿದ್ದರು. ಗಾಜಿನ ಗ್ಲಾಸಾದರೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಸ್ಟೀಲಿನದಾದರೆ ಒಳಗೆ ಇಣುಕಿ, ಅಂಗಳದಲ್ಲಿ ನಿಂತು ಮನೆಯವರನ್ನು ಕರೆಯುವ ದನಿಯಲ್ಲಿ ಅವರು ಕೇಳುತ್ತಿದ್ದರು: "ಒಳಗ ಯಾರ್ಯಾರ ಅದೀರೆಪಾ?" ಒಳಗಿನವರು ಸುಮ್ಮನಿರುತ್ತಿದ್ದರು. ಹೊರಗಿನವರ ಮುಖ ಇಳಿಯುತ್ತಿತ್ತು. ಒಮ್ಮೆ ರಬಕವಿಯಲ್ಲಿ ಬೀಗರಾಗಬೇಕಿದ್ದವರ ಮನೆಯಲ್ಲೂ ಹೀಗೇ ಕೇಳಿದ್ದರಿಂದ, ಆ ಮನೆಯ ಹಿರಿಯರು ಮದುವೆಯ ಮಾತುಕತೆಯನ್ನು ಅಲ್ಲಿಗೇ ಮುಗಿಸಿ ಚಹಾ ಕೂಡ ಕೊಡದೆ ಕಳಿಸಿದ್ದರು.

ತೇರದಾಳದಿಂದ ಬನಹಟ್ಟಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನೇಮಣ್ಣ ಇಲ್ಲಿಯವರೇ. ಪುಣೆಯ ದೊಡ್ಡದೊಂದು ಪ್ರಯೋಗಾಲಯದಲ್ಲಿ ಟೈಫಾಯಿಡ್, ಕಾಲರಾಗಳ ರೋಗಾಣುಗಳನ್ನು ಅಭ್ಯಾಸ ಮಾಡುತ್ತ ನೌಕರಿ ಮುಗಿಸಿ, ತಾಯಿಯ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಸೂಕ್ಷ್ಮದರ್ಶಕದೊಂದಿಗೆ ಊರಿಗೆ ಮರಳಿದ್ದರು. ಜನ ಅವರನ್ನು ಹುಳದ ಡಾಕ್ಟರ್ ಎಂದರು. ಜ್ವರ ಬಂದವರು ಹೋಗಿ ನಾಲಿಗೆ ಚಾಚಿದರೆ ಅವರು ನಾಲಿಗೆ ನೋಡುತ್ತಿರಲಿಲ್ಲ. ಉಗುರು ನೋಡಿ, ಕೈ ತೊಳೆದು ಬರಲು ಹೇಳುತ್ತಿದ್ದರು. ಇಂಜೆಕ್ಷನ್ ಕೊಡದವನು ಎಂಥ ಡಾಕ್ಟರ್ ಎಂದು ಜನ ಬೇಸರಪಟ್ಟು ಪಕ್ಕದ ನನ್ನ ಔಷಧಿ ಅಂಗಡಿಗೆ ಬರುತ್ತಿದ್ದರು. ನಾನಂತೂ ಅವರಿಗೆ ಋಣಿ. ನಾವಿಬ್ಬರೂ ಒಂದೇ ಹುಳದ ಮೇಲೆ ಹೊಟ್ಟೆ ಹೊರೆದವರು, ಅವರು ಸಾಕಿ, ನಾನು ಕೊಂದು.

ನೇಮಣ್ಣನವರ ಮನೆತನ ಜೈನರದು. ತಾಯಿ ಪದ್ಮವ್ವ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ, ಸೋಸದ ನೀರು ಒಲೆಗೂ ಏರುತ್ತಿರಲಿಲ್ಲ. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಜೀವಗಳನ್ನು ಅವು ಬಂದ ನೀರಿಗೇ ಜೋಪಾನವಾಗಿ ತಿರುಗಿ ಬಿಡಬೇಕು. ಇದು ಆ ಮನೆಯ ಕಟ್ಟುನಿಟ್ಟು. ಅಂಥ ತಾಯಿಯ ಮಗ ರೋಗಾಣುಗಳನ್ನು ಕೋಟಿಗಟ್ಟಲೆ ಬೆಳೆಸಿ, ಕೆಲಸ ಮುಗಿದ ಮೇಲೆ ದೊಡ್ಡ ಕುಕ್ಕರಿನಲ್ಲಿ ಹಬೆಗೆ ಹಾಕಿ ಮುಗಿಸುವ ನೌಕರಿ ಮಾಡಿದ್ದರು. ನಾನು ಒಮ್ಮೆ ಕೆಣಕಿದೆ: "ಅಣ್ಣಾರ, ಇಷ್ಟು ಜೀವಾ ತಗದೀರಿ, ಮ್ಯಾಲ ಹ್ವಾದ ಮ್ಯಾಲ ಏನ ಹೇಳ್ತೀರಿ?"

"ತಗದದ್ದ ಅಷ್ಟ ನೋಡ್ತೀ ಅಲ್ಲಲೇ ಬಸೂ, ಸಾಕಿದ್ದು ನೋಡೂದಿಲ್ಲ ನೀ. ಮಂದಿ ಇವಕ್ಕ ಮಾಂಸದ ಸಾರು ಹಾಕತಾರ. ನಾ ತೊಗರಿಬ್ಯಾಳಿ ಕಟ್ಟು ಹಾಕಿ ಬೆಳಸೀನಿ. ನನ್ನ ಕೈಯಾಗಿನ ಟೈಫಾಯಿಡ್ ಸುದ್ದಾ ಶಾಕಾಹಾರಿ."

ಪುಣೆಯ ಸಾಹೇಬರು ಈ ಬೇಳೆಕಟ್ಟಿಗೆ ನಗುತ್ತಿದ್ದರಂತೆ. ನಿವೃತ್ತರಾದ ಮೇಲೂ ಅವರ ಮನೆಯ ಗಾಜಿನ ನಳಿಕೆಗಳಲ್ಲಿ ಯಾರಿಗೂ ಕೆಡುಕು ಮಾಡದ ಒಂದಿಷ್ಟು ಮಣ್ಣಿನ ರೋಗಾಣು, ಅಲ್ಲ, ಬರೀ ಅಣುಜೀವಿ, ಬೇಳೆಕಟ್ಟು ಕುಡಿದು ಸುಖವಾಗಿದ್ದವು. ಪದ್ಮವ್ವನವರು ಸಾರಿಗೆ ಬೇಳೆ ಬೇಯಿಸಿದಾಗ ಮೊದಲ ಕಟ್ಟು ಅವಕ್ಕೇ.

ಒಂದು ಬೇಸಿಗೆಯಲ್ಲಿ ನಮ್ಮ ಓಣಿಗೆ ಜ್ವರ ಬಂತು. ಮೊದಲು ನೇಕಾರರ ಮನೆಯ ಮಕ್ಕಳು, ಆಮೇಲೆ ನನ್ನ ಮಗಳು ಸವಿತಾ. ಕಾಲೇಜಿಗೆ ಜಮಖಂಡಿಗೆ ಓಡಾಡುತ್ತಿದ್ದ ಹುಡುಗಿ ಹಾಸಿಗೆ ಹಿಡಿದು, ನೀರು ಕುಡಿದರೂ ಕಾರುವ ಸ್ಥಿತಿಗೆ ಬಂದಳು. ನೇಮಣ್ಣ ನಳದ ನೀರನ್ನು ತಮ್ಮ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ನೆಟ್ಟಗೆ ಪುರಸಭೆಗೆ ಹೋದರು. ನಾನೂ ಹಿಂದೆ ಹೋದೆ. ನಮ್ಮ ಓಣಿಯ ನೀರಿನ ಪೈಪು ಗಟಾರದ ಬಗಲಲ್ಲೇ ಹಾಯ್ದಿತ್ತು, ಅದರ ಮೇಲೆ ಆಗತಾನೇ ಕಾಂಕ್ರೀಟ್ ರಸ್ತೆ ಆಗಿತ್ತು, ರಸ್ತೆಯ ತುದಿಗೆ ಅಧ್ಯಕ್ಷರ ಹೆಸರಿನ ಕಲ್ಲು ನಿಂತಿತ್ತು.

ಅಧ್ಯಕ್ಷರು ನಕ್ಕರು. "ಡಾಕ್ಟರ, ಹುಳಾ ಅದಾವ ಅಂತೀರಿ, ಕಣ್ಣಿಗೆ ಕಾಣೂದಿಲ್ಲ ಅಂತೀರಿ. ಕಾಣಲಾರದ ಹುಳಕ್ಕ ಕಾಣೂ ರಸ್ತೆ ಹ್ಯಾಂಗ ಅಗೀಲಿರಿ? ಜಿಲ್ಲಾದಿಂದ ಒಂದು ರಿಪೋರ್ಟ್ ತರ್ರಿ, ಮರುದಿನ ಅಗಸ್ತೀನಿ."

ನೇಮಣ್ಣ ಕುದಿಸಿ ಒಣಗಿಸಿದ ಬಾಟಲಿಗಳಲ್ಲಿ ನಳದ ನೀರು ಹಿಡಿದು, ಮುಂಜಾನೆಯ ಮೊದಲ ಬಸ್ಸಿಗೆ ಒಯ್ಯಲೆಂದು ಫ್ರಿಜ್ಜಿನಲ್ಲಿ ಇಟ್ಟರು. ಇಟ್ಟು, ತಾಯಿಗೆ ಎಚ್ಚರಿಕೆ ಹೇಳಿದರು: "ಅವ್ವಾ, ಈ ಬಾಟ್ಲಿ ಮುಟ್ಟಬ್ಯಾಡ. ಇದರಾಗ ಲಕ್ಷಗಟ್ಟಲೆ ಜೀವ ಅದಾವ." ವಿಷ ಇದೆ ಎಂದಿದ್ದರೆ ಕೆಲಸ ಕೆಡುತ್ತಿರಲಿಲ್ಲ. ವಿಜ್ಞಾನಿ ನೋಡಿ, ಸತ್ಯವನ್ನೇ ಹೇಳಿದರು.

ಜಿಲ್ಲೆಯ ಪ್ರಯೋಗಾಲಯದಿಂದ ಫಲಿತಾಂಶ ಬಂತು: ನೀರು ನಿರ್ಮಲ, ಕುಡಿಯಲು ಅತ್ಯುತ್ತಮ. ಅಧ್ಯಕ್ಷರ ಸಂತೋಷ ಹೇಳತೀರದು. ಬಸ್ ನಿಲ್ದಾಣದಲ್ಲಿ ಬ್ಯಾನರ್ ಎದ್ದಿತು. "ವಿಜ್ಞಾನಿಯೇ ಒಪ್ಪಿದ ನಮ್ಮೂರ ನೀರು" ಎಂಬ ಅಕ್ಷರಗಳ ಕೆಳಗೆ ಅಧ್ಯಕ್ಷರ ದೊಡ್ಡ ಮುಖ, ಮೂಲೆಯಲ್ಲಿ ಅಂಚೆಚೀಟಿಯಷ್ಟು ನೇಮಣ್ಣ. ಸನ್ಮಾನವೂ ಆಯಿತು. ವೇದಿಕೆಯ ಮೇಲೆ ಊರ ನೀರಿನ ಗುಣಗಾನ ಮಾಡಿದ ಪ್ರತಿಯೊಬ್ಬರ ಮುಂದೆಯೂ ಸೀಲು ಒಡೆಯದ ಬಾಟಲಿ ನೀರು ಇತ್ತು. ಶಾಲು ಹೊದಿಸಿಕೊಂಡು ಕುಳಿತ ನೇಮಣ್ಣನ ಮುಖ ಮಾತ್ರ ಸುಟ್ಟ ಬದನೆಕಾಯಿಯಂತಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತ್ತು. ಮನೆಯಲ್ಲಿ ಸವಿತಾಳ ಕೈಗೆ ಸಲೈನ್ ಹಚ್ಚಿ ಬಂದಿದ್ದೆ. ಸನ್ಮಾನ ಮುಗಿದ ಮೇಲೆ ನೇಮಣ್ಣನವರ ಮನೆಯ ಪಡಸಾಲೆಯಲ್ಲಿ ಎದುರಿಗೆ ನಿಂತು ಅಂದೆ: "ಶಾಲು ಛಲೋ ಒಪ್ಪತೈತ್ರಿ ಅಣ್ಣಾರ. ನನ್ನ ಮಗಳಿಗೂ ಹೊಚ್ಚಾಕ ಕೊಡ್ರಿ, ಚಳಿಜ್ವರಕ್ಕ ಬೇಕಾಗೇದ."

ಅವರು ತಿರುಗಿ ಬೈಯಲಿಲ್ಲ. "ನಾ ಕಣ್ಣಾರೆ ನೋಡೀನೋ ಬಸೂ. ಹುಟ್ಟಿದಾಗಿಂದ ಇದನ್ನೊಂದ ಮಾಡೀನಿ. ಈಗ ಇದರಾಗೂ ತಪ್ಪಿದೆ ಅಂದ್ರ ನಾ ಏನ ಉಳದೆ ಹೇಳು," ಎಂದರು. ಆ ದನಿ ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು.

ಆಗ ಪದ್ಮವ್ವ ಒಳಗಿನಿಂದ ಬಂದು ಶಾಲಿನ ಅಂಚು ಸವರುತ್ತ ನಕ್ಕರು. "ನನ್ನ ನೀರಿಗೆ ಬಹುಮಾನ ಬಂತು ನೋಡು."

"ನಿನ್ನ ನೀರೇನವ್ವಾ?"

"ಮತ್ತ? ಲಕ್ಷಗಟ್ಟಲೆ ಜೀವ ಅದಾವ ಅಂದಿ, ಫ್ರಿಜ್ಜಿನ್ಯಾಗ ಇಟ್ಟಿ. ನಡಗಾಕತ್ತಿರಬೇಕು ಅಂತ ನನಗ ಜೀವ ತಡೀಲಿಲ್ಲ. ಎಲ್ಲಾ ಅರಿವ್ಯಾಗ ಸೋಸಿ ಹಿತ್ತಲ ಬಾವ್ಯಾಗ ಬಿಟ್ಟು ಬಂದೆ. ನಿನಗ ನುಕಸಾನ ಆಗಬಾರದು ಅಂತ ಬಾಟ್ಲಿಗೆ ನನ್ನ ಕುದಿಸಿದ ನೀರ ತುಂಬಿಟ್ಟೆ."

ನೇಮಣ್ಣ ಕುರ್ಚಿಯಲ್ಲಿ ಕುಸಿದರು, ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಆ ಬಾವಿಯ ನೀರನ್ನು ಪದ್ಮವ್ವ ಸೋಸಿ ಕುದಿಸಿಯೇ ಬಳಸುತ್ತಿದ್ದರು, ಬೇರೆ ಯಾರೂ ಕುಡಿಯುತ್ತಿರಲಿಲ್ಲ, ಅದೊಂದು ಪುಣ್ಯ. ಮತ್ತೆ ನೀರು ಹಿಡಿದು ಕಳಿಸಿದರೆ ಸನ್ಮಾನ ಮಾಡಿದವರು ಒಪ್ಪುವರೇ? ಬ್ಯಾನರ್ ಕಟ್ಟಿದ ಮೇಲೆ ಸತ್ಯವನ್ನು ಯಾರು ಕೇಳುತ್ತಾರೆ?

"ತಪ್ಪಾತೇನೋ ನೇಮೂ?" ಎಂದರು ಪದ್ಮವ್ವ.

ನೇಮಣ್ಣ ಹೆಗಲ ಮೇಲಿನ ಶಾಲು ತೆಗೆದರು. "ತಪ್ಪಾತವ್ವಾ. ಎಲ್ಲಿಂದ ಬಂದಿದ್ವೋ ಅಲ್ಲಿ ಬಿಡಲಿಲ್ಲ ನೀ. ಅವು ಬಾವ್ಯಾಗಿನವಲ್ಲ, ನಳದಾಗಿನವು."

ಪದ್ಮವ್ವನವರ ಮುಖ ಬಿಳುಪೇರಿತು. ಇಷ್ಟು ವರ್ಷದ ಆಚಾರದಲ್ಲಿ ಮೊದಲ ಲೋಪ. "ನಳದಾಗ ತಿರುಗಿ ಹ್ಯಾಂಗ ಬಿಡೂದೋ? ನಳ ಯಾರದು?"

"ಪುರಸಭಾದು," ಎಂದು ನೇಮಣ್ಣ ಶಾಲು ಮಡಚಿ ಬದಿಗಿಟ್ಟರು.

ಮರುದಿನ ಪದ್ಮವ್ವ ಮತ್ತು ಓಣಿಯ ಜೈನ ಹೆಂಗಸರು ನಳದ ನೀರು ಸೋಸಿ, ಅರಿವೆಯಲ್ಲಿ ಉಳಿದದ್ದನ್ನು ತಂಬಿಗೆಗಳಲ್ಲಿ ಇಳಿಸಿಕೊಂಡು ಪುರಸಭೆಗೆ ಹೋದರು. ಅಧ್ಯಕ್ಷರ ಮೇಜಿನ ಮೇಲೆ ತಂಬಿಗೆಗಳು ಸಾಲಾಗಿ ಕುಳಿತವು. ಒಳಗೆ ಕಪ್ಪು ಲೋಳೆ, ಅದರಲ್ಲಿ ಕೆಂಪು ಹುಳಗಳು ಮಿಸುಕಾಡುತ್ತಿದ್ದವು. ಈಗ ಕಣ್ಣಿಗೆ ಕಾಣುವುದಿಲ್ಲ ಎನ್ನುವಂತಿರಲಿಲ್ಲ.

ಪದ್ಮವ್ವ ಕೈ ಮುಗಿದು ಕೇಳಿದರು: "ಸಾಹೇಬ್ರ, ಇವು ನಿಮ್ಮ ಮನೀವು. ಬ್ಯಾರೆ ಕಡೆ ಬಿಟ್ರ ನಮಗ ದೋಷ ಬರತದ. ಎಲ್ಲಿ ಬಿಡೂಣ್ರಿ?" ಹೀಗೆ ಕೇಳುತ್ತ ಅವರ ಕಣ್ಣು, ಅಧ್ಯಕ್ಷರು ಕುಡಿಯುವ ನೀರಿನ ಕ್ಯಾನಿನ ಮೇಲೆ ಬಿತ್ತು. ಅಧ್ಯಕ್ಷರು ಎದ್ದು ಆ ಕ್ಯಾನಿಗೆ ಅಡ್ಡ ನಿಂತರು.

ಇದರಲ್ಲಿ ಪದ್ಮವ್ವನವರದು ತಿಲಮಾತ್ರ ನಾಟಕವಿರಲಿಲ್ಲ. ನಾಟಕವೆಲ್ಲ ಹೊರಗೆ ಬೇವಿನ ಗಿಡದ ಕೆಳಗೆ ನಿಂತ ಮಗನದು. ಮರುದಿನವೂ ಹೋದರು, ಅದರ ಮರುದಿನವೂ. ನನ್ನ ಹೆಂಡತಿ ಮಗಳನ್ನು ನನಗೊಪ್ಪಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ತಾನೂ ಒಂದು ತಂಬಿಗೆ ಹಿಡಿದು ಹೋದಳು. ಆ ವಾರ ಮುಗಿಯುವುದರೊಳಗೆ ರಸ್ತೆ ಅಗೆದರು. ಪೈಪು ಒಡೆದು ಗಟಾರದಲ್ಲೇ ಮಲಗಿತ್ತು. ಹೊಸ ಪೈಪು ಬಂತು, ಸವಿತಾ ಎದ್ದು ಗಂಜಿ ಉಂಡಳು, ಮತ್ತೆ ಬಸ್ಸು ಹತ್ತಿದಳು. ಅಧ್ಯಕ್ಷರು ಹೊಸ ಪೈಪಿಗೂ ಒಂದು ಕಲ್ಲು ನಿಲ್ಲಿಸಿದರು.

ಹೋದ ಚಳಿಗಾಲ ನೇಮಣ್ಣನಿಗೆ ನ್ಯುಮೋನಿಯಾ ಆಯಿತು. ಮೀರಜದ ಆಸ್ಪತ್ರೆಗೆ ನೋಡಲು ಹೋದಾಗ ಮೂಗಿಗೆ ಆಮ್ಲಜನಕದ ನಳಿಕೆ ಇತ್ತು. "ಯಾವ ಹುಳ ಅಂತ ಇವರಿಗೆ ಇನ್ನೂ ಗೊತ್ತಾಗವಲ್ದು. ನನ್ನ ಕೇಳಿದ್ರ ಹೇಳ್ತಿದ್ದೆ," ಎಂದರು. ನಾನು ಗ್ಲಾಸಿನಲ್ಲಿ ನೀರು ಕೊಟ್ಟೆ. ಎತ್ತಿ ಹಿಡಿಯಲು ಅವರ ಕೈಗೆ ಆಗಲಿಲ್ಲ. ನಾನೇ ಬೆಳಕಿಗೆ ಹಿಡಿದೆ. ಅವರ ತುಟಿ ಅಲುಗಿತು, ಮಾತು ಕೇಳಿಸಲಿಲ್ಲ. ಎರಡು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅದೇ ಕೊನೆಯ ಭೇಟಿ.

ದಿನಕರ್ಮಗಳು ಮುಗಿದ ಮೇಲೆ ಪದ್ಮವ್ವ ನನ್ನನ್ನು ಕರೆಸಿದರು. ಮುಂದೆ ಮಗನ ಗಾಜಿನ ನಳಿಕೆಗಳನ್ನು ಇಟ್ಟುಕೊಂಡು ಕುಳಿತಿದ್ದರು.

"ಬಸೂ, ಇವು ಎಲ್ಲಿಂದ ಬಂದಾವೋ ನೇಮೂ ಹೇಳ್ದ ಹ್ವಾದ. ನಿನಗ ಹೇಳ್ಯಾನೇನು? ಈ ಸಲ ತಪ್ಪಬಾರದಪಾ. ಎಲ್ಲಿ ಬಿಡಲಿ?"

ಜೀವನವಿಡೀ ಇಂಥವನ್ನು ಕೊಲ್ಲುವ ಗುಳಿಗೆ ಮಾರಿದವನು ನಾನು. "ನನಗೂ ಗೊತ್ತಿಲ್ರಿ ಅವ್ವಾರ. ಗೊತ್ತಾಗೂತನಾ ನೀವ ಸಾಕ್ರಿ," ಎಂದೆ.

ಅವರು ತಲೆಯಾಡಿಸಿದರು. ಈಗಲೂ ಆ ಮನೆಯಲ್ಲಿ ಬೇಳೆ ಬೆಂದರೆ ನನ್ನ ಅಂಗಡಿಗೆ ವಾಸನೆ ಬರುತ್ತದೆ. ಒಬ್ಬರೇ ಮುದುಕಿ, ಮೊದಲ ಕಟ್ಟು ತೆಗೆದು ಆರಿಸಿ, ಮಗನ ಜೀವಗಳಿಗೆ ಹೊತ್ತು ಮುಳುಗುವುದರೊಳಗೆ ಉಣಿಸುತ್ತಾರೆ.