ಹನ್ನೆರಡನೆಯ ಬಿರುಕು ನೋಡಲು ಹೋದ ಬುಧವಾರ

ಎರಡು ತಿಂಗಳ ಹಿಂದೆ, ಬೆಳಗಿನ ಐದೂವರೆ. ಗೋದಾಮಿನ ಒಂದೇ ಬಲ್ಬಿನ ಕೆಳಗೆ ಐವತ್ತೆಂಟರ ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕೂತು, ಮೊಣಕಾಲೆತ್ತರದ ಮಣ್ಣಿನ ಜಾಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದಾರೆ. ಅದರ ಬಣ್ಣ, ಚಿತ್ತಾರಗಳ ಕಡೆ ಅವರ ಗಮನವೇ ಇಲ್ಲ. ಹೆಬ್ಬೆರಳು ಕತ್ತಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬುಡಕ್ಕೆ ಇಳಿದು ಒಂದು ಕಡೆ ನಿಲ್ಲುತ್ತದೆ. "ಇಲ್ಲಿ ಸ್ವಲ್ಪ ತೆಳು. ಇವಳಿಗೆ ಸೊಂಟನೋವು," ಎನ್ನುತ್ತಾರೆ. ಮರದ ಪೆಟ್ಟಿಗೆಯೊಳಕ್ಕೆ ಮೊದಲು ಒಂದು ಚೀಟಿ ಬೀಳುತ್ತದೆ. ಎರಡು ಅಂಗೈಗಳು ಜಾಡಿಯನ್ನು ಬುಡದಿಂದ ಎತ್ತುತ್ತಿರುವ ಚಿತ್ರ, ಪೆನ್ಸಿಲಿನಲ್ಲಿ ಅವರೇ ಬರೆದದ್ದು. ಅದರ ಮೇಲೆ ಒಣಹುಲ್ಲು, ಹುಲ್ಲಿನ ಮೇಲೆ ಜಾಡಿ, ಸಂದಿಗೊಂದಿಗೆಲ್ಲ ಹಳೆ ಪತ್ರಿಕೆಯ ಉಂಡೆ. ಮುಚ್ಚಳಕ್ಕೆ ಮೊಳೆ ಹೊಡೆದ ಮೇಲೆ ಪೆಟ್ಟಿಗೆಯನ್ನು ತಬ್ಬಿ ಒಮ್ಮೆ ಅಲುಗಿಸುತ್ತಾರೆ. "ಪೆಟ್ಟಿಗೆ ಮಾತಾಡಬಾರದು. ಮಾತಾಡಿದ್ರೆ ಬಿಚ್ಚಿ ಮತ್ತೆ ಕಟ್ಟೋದೇ."

ಕರಕುಶಲ ಮೇಳಗಳಿಗೆ, ಪ್ರದರ್ಶನಗಳಿಗೆ ಹೋಗುವ ಮಣ್ಣಿನ ಮತ್ತು ಗಾಜಿನ ಸಾಮಾನುಗಳನ್ನು ಒಡೆಯದಂತೆ ಕಟ್ಟಿಕೊಡುವುದು ಇವರ ಕೆಲಸ. ತಲೆಗೂದಲಲ್ಲಿ ಸದಾ ನಾಲ್ಕು ಹುಲ್ಲುಕಡ್ಡಿ ಸಿಕ್ಕಿಕೊಂಡಿರುವುದರಿಂದ ಗೋದಾಮಿಗೆಲ್ಲ ಇವರು ಹುಲ್ಲಪ್ಪ. "ನಿಜವಾದ ಹೆಸರು ಹಿಡಿದು ಯಾರಾದ್ರೂ ಕರೆದ್ರೆ, ಆಸ್ಪತ್ರೆಯೋರೇ ಇರ್ಬೇಕು ಅಂತ ಎದೆ ಧಸಕ್ ಅನ್ನತ್ತೆ," ಎಂದು ನಗುತ್ತಾರೆ.

ಇಪ್ಪತ್ತಾರು ವರ್ಷದ ಕಸುಬು. ದಿನಕ್ಕೆ ಮೂವತ್ತರಷ್ಟು ರಟ್ಟಿನ ಡಬ್ಬ, ಮೂರೋ ನಾಲ್ಕೋ ಮರದ ಪೆಟ್ಟಿಗೆ. ಹುಲ್ಲಿನ ದೂಳಿಗೆ ಚಳಿಗಾಲವಿಡೀ ಸೀನು. ಪೆಟ್ಟಿಗೆಗೆ ಬಿಗಿಯುವ ತಗಡಿನ ಪಟ್ಟಿ ಒಮ್ಮೆ ಚಿಮ್ಮಿ ಎಡಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. "ಮೇಳದಲ್ಲಿ ಮಾಡಿದೋರ ಹೆಸರು ಇರತ್ತೆ, ಕೊಂಡೋರ ಹೆಸರೂ ಇರತ್ತೆ. ನಡುವೆ ನಾನು ಬರೀ ಹುಲ್ಲು," ಎನ್ನುವಾಗ ದನಿಯಲ್ಲಿ ಕಹಿಯೇನೂ ಇಲ್ಲ. ಇಷ್ಟು ವರ್ಷದಲ್ಲಿ ಅಲ್ಲಿಯವರೆಗೆ ಒಡೆದದ್ದು ಹನ್ನೊಂದು. ಒಂದೊಂದನ್ನೂ ಆಕಾರ ಸಮೇತ ವರ್ಣಿಸಬಲ್ಲರು.

"ನನ್ನ ಹುಟ್ಟಿದ ದಿನ ಇವರಿಗೆ ನೆನಪಿಲ್ಲ, ಒಡೆದಿರೋ ಹನ್ನೊಂದಕ್ಕೂ ತಿಥಿ ಮಾಡ್ತಾರೆ," ಎನ್ನುತ್ತಾರೆ ಹೆಂಡತಿ. ಆಕೆಗೆ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ. ಮೂರು ವರ್ಷದ ಹಿಂದೆ ಇಬ್ಬರ ರಜೆಯೂ ಬುಧವಾರಕ್ಕೆ ಹೊಂದಿಬಂದಾಗ ಆಕೆಯೇ ಕೇಳಿದರಂತೆ, ಇಷ್ಟೊಂದು ಮೇಳಕ್ಕೆ ಕಟ್ಟಿ ಕಳಿಸಿದ್ದೀರಲ್ಲ, ಒಂದನ್ನಾದರೂ ನೋಡಿದ್ದೀರಾ ಎಂದು. ನೋಡೋದೇನಿದೆ, ಎಲ್ಲಾ ನನ್ನ ಕೈ ಮೇಲೇ ಹೋಗಿದ್ದು ಎಂದರಂತೆ ಇವರು. "ಅವುಗಳ ಸೊಂಟ ನೋಡಿದ್ದೀರಿ, ಮುಖ ನೋಡಿಲ್ಲ. ಏಳಿ," ಎಂದು ಆಕೆ ಎಬ್ಬಿಸಿಕೊಂಡು ಹೊರಟರು.

ಅಂದಿನಿಂದ ಬುಧವಾರ ಬಂತೆಂದರೆ ಬೆಳಗಿನ ರೈಲು, ಒಂದು ಮೇಳ ಅಥವಾ ಪ್ರದರ್ಶನ, ಆಮೇಲೆ ಯಾವುದಾದರೂ ಕೆಫೆಯಲ್ಲಿ ಎರಡು ಕಾಫಿ, ದೀಪ ಹಚ್ಚುವ ಹೊತ್ತಿಗೆ ಮನೆ. ಹೆಂಡತಿ ಬಣ್ಣ ನೋಡುತ್ತಾರೆ, ಗಂಡ ಬುಡ ನೋಡುತ್ತಾರೆ. ಕೆಫೆಯಲ್ಲಿ ಮಾತಿಗೆ ಕೂತರೆ ಹುಲ್ಲಪ್ಪ ಮೇಜಿನ ಮೇಲಿನ ಕಾಗದದ ಕರವಸ್ತ್ರಗಳನ್ನೆಲ್ಲ ಎಳೆದು, ತಮಗೇ ಗೊತ್ತಿಲ್ಲದೆ ಖಾಲಿ ಕಪ್ಪನ್ನು ಸುತ್ತಿಬಿಡುತ್ತಾರೆ, ಹಿಡಿಗೆ ಬೇರೆಯದೇ ಮಡಿಕೆ. "ಮನೆಗೆ ತಗೊಂಡ್ ಹೋಗ್ತೀರಾ ಯಜಮಾನ್ರೇ?" ಎಂದು ಬಡಿಸುವಾಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದೂ ಉಂಟು. "ಕಪ್ ಬಿಡಮ್ಮ, ಬೇಕಾದ್ರೆ ಇವರನ್ನೇ ಸುತ್ತಿಕೊಡ್ತೀನಿ, ಇಟ್ಕೋ," ಎಂದಿದ್ದರು ಹೆಂಡತಿ.

ಆದರೆ ಕಳೆದ ತಿಂಗಳ ಒಂದು ಬುಧವಾರ ಅವರು ಸುತ್ತಾಟಕ್ಕೆಂದು ರೈಲು ಹತ್ತಿರಲಿಲ್ಲ. ಸೊಂಟದೆತ್ತರದ ಜಾಡಿಯೊಂದು ಪ್ರದರ್ಶನಕ್ಕೆ ತಲುಪಿದಾಗ ಬಿರುಕು ಬಿಟ್ಟಿತ್ತು ಎಂದು ದೂರು ಬಂದಿತ್ತು. ಗೋದಾಮಿನ ಧಣಿ ಆಗಲೇ ನೊರೆ ತುಂಬುವ ಯಂತ್ರ ತರಿಸಿದ್ದರು. ಪೆಟ್ಟಿಗೆಯೊಳಗೆ ಸುರಿದರೆ ನೊರೆ ಉಬ್ಬಿ ಸಾಮಾನಿನ ಆಕಾರಕ್ಕೇ ಗಟ್ಟಿಯಾಗುತ್ತದೆ. ಸಣ್ಣ ಸಾಮಾನು ಅದರ ಪಾಲಾಗಿತ್ತು. ಬಿರುಕು ಕಟ್ಟುವುದರಲ್ಲಿ ಆದದ್ದೇ ಆಗಿದ್ದರೆ ದೊಡ್ಡ ಜಾಡಿಗಳೂ ಯಂತ್ರಕ್ಕೆ, ಹುಲ್ಲಪ್ಪ ವಿಳಾಸ ಅಂಟಿಸುವ ಮೇಜಿಗೆ. "ಹನ್ನೆರಡನೇದು ನಂದಾ ಅಲ್ವಾ ಅಂತ ಕಣ್ಣಾರೆ ನೋಡ್ಬೇಕಿತ್ತು."

ಜಾಡಿ ದೀಪದಡಿ ರಾಣಿಯಂತೆ ನಿಂತಿತ್ತು, ಬಿರುಕನ್ನು ಗೋಡೆಯ ಕಡೆ ತಿರುಗಿಸಿಕೊಂಡು. ಹುಲ್ಲಪ್ಪ ಚಪ್ಪಲಿ ಬಿಟ್ಟು ನೆಲದ ಮೇಲೆ ಅಂಗಾತ ಮಲಗಿ, ಗೋಡೆಯ ಸಂದಿಗೆ ತಲೆ ತೂರಿಸಿದರು. ಕಾವಲಿನವರು ಓಡಿಬಂದರು.

"ಏನ್ ಬಿತ್ತು?"

"ಏನೂ ಬಿದ್ದಿಲ್ಲಪ್ಪ, ನಮ್ಮೋರೇ ಬಿದ್ದಿರೋದು. ಒಂದ್ ನಿಮಿಷ ಬಿಡು, ಏಳ್ತಾರೆ," ಎಂದರು ಹೆಂಡತಿ.

ಕೆಳಗಿನಿಂದ ದನಿ ಬಂತು: "ಹೊಟ್ಟೆ ಸರಿಯಾಗಿದೆ. ಬುಡ ಸರಿಯಾಗಿದೆ." ದಾರಿಯಲ್ಲಿ ಕುಲುಕಿ ಒಡೆದರೆ ಹೊಟ್ಟೆಯಲ್ಲಿ ಒಡೆಯಬೇಕು. ಇದು ಬಾಯಂಚಿನಿಂದ ಮೂರು ಬೆರಳು ನೆಟ್ಟಗೆ ಇಳಿದಿತ್ತು. ಯಾರೋ ಬಾಯಿ ಹಿಡಿದು ಎತ್ತಿದ್ದಾರೆ. ಹುಲ್ಲಪ್ಪ ಎದ್ದು ಕೂತಾಗ ಮುಖದಲ್ಲಿ ಬೆಳಕಿತ್ತು. ಪೆಟ್ಟಿಗೆ ಬಿಚ್ಚುವವರನ್ನು ಕರೆಸಿ ಎಂದರು.

ಹಿಂದಿನ ಕೋಣೆಯಿಂದ ಬಂದಾಕೆ ಹನ್ನೆರಡು ವರ್ಷದಿಂದ ಅಲ್ಲಿ ಪೆಟ್ಟಿಗೆ ಬಿಚ್ಚುತ್ತಿರುವವರು. "ಅವತ್ತು ನಂಗೆ ಜ್ವರ ಅಣ್ಣ. ಬದಲಿ ಬಂದೋರು ಬಾಯಿಗೇ ಕೈ ಹಾಕಿದ್ರಂತೆ."

"ಚೀಟಿ ಇಟ್ಟಿದ್ನಲ್ಲ ತಾಯಿ. ಬುಡ ಹಿಡಿದು ಎತ್ತಿ ಅಂತ ಚಿತ್ರಾನೇ ಬರೆದಿದ್ದೆ."

ಆಕೆ ಕಣ್ಣರಳಿಸಿದರು. "ಆ ಕೈಗಳ ಚಿತ್ರ ಬರೆಯೋರು ನೀವಾ? ಅದು ಸಿಗೋದೇ ಕೊನೇಲಿ ಅಲ್ವಾ, ಜಾಡಿ ಎತ್ತಿ ಹುಲ್ಲೆಲ್ಲಾ ತೆಗೆದ ಮೇಲೆ. ಕಟ್ಟಿದೋರ ರುಜು ಅಂದ್ಕೊಂಡಿದ್ದೆ ನಾನು."

ಇಪ್ಪತ್ತಾರು ವರ್ಷ ಕಟ್ಟಿದವರು ಒಂದು ಸಲವೂ ಬಿಚ್ಚಿರಲಿಲ್ಲ. ಅವರಿಗೆ ಪೆಟ್ಟಿಗೆ ಶುರುವಾಗುವುದು ತಳದಿಂದ. ಮೊದಲು ಹೇಳಬೇಕಾದ ಮಾತನ್ನು ಮೊದಲೇ ಹಾಕಿಬಿಡುತ್ತಿದ್ದರು. ದೀಪದ ಬುಡದ ಕತ್ತಲೆ ಎಂದರೆ ಇದೇ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಹೆಗಲು ಕುಲುಕುತ್ತಿತ್ತು. "ಊಟ ಆದ್ಮೇಲೆ ಕೈ ತೊಳ್ಕೊಳ್ಳಿ ಅಂದ ಹಾಗಾಯ್ತಲ್ರೀ," ಎಂದರು. ಹಿಂದಿನ ಕೋಣೆಯಾಕೆ ಇಬ್ಬರನ್ನೂ ಒಳಗೆ ಕರೆದೊಯ್ದು ಗೋಡೆ ತೋರಿಸಿದರು. ಸಾಲಾಗಿ ಅಂಟಿಸಿದ ಚೀಟಿಗಳು. ಹೆಂಡತಿ ಎಣಿಸಿದರು, ಅರವತ್ತಮೂರು. ಹುಲ್ಲಪ್ಪ ಮೊದಲ ಸಾಲಿನ ಚೀಟಿಯೊಂದರ ಮೇಲೆ ಬೆರಳಿಟ್ಟರು: "ಮೊದಮೊದಲು ಹೆಬ್ಬೆರಳು ಸರಿಯಾಗಿ ಬರೀತಿರ್ಲಿಲ್ಲ ನಾನು."

ಮರುದಿನ ಧಣಿಯ ಮುಂದೆ ನಿಂತು, ಹನ್ನೆರಡನೆಯದು ತಮ್ಮದೇ ಎಂದು ಒಪ್ಪಿಕೊಂಡರು. "ಕಟ್ಟೋದ್ರಲ್ಲಿ ತಪ್ಪಿಲ್ವಲ್ಲೋ," ಎಂದರು ಧಣಿ. "ಹೇಳೋದ್ರಲ್ಲಿ ತಪ್ಪಿದೆ ಸಾರ್." ಧಣಿ ಕನ್ನಡಕ ತೆಗೆದು ಒರೆಸಿಕೊಂಡು, ದೊಡ್ಡ ಜಾಡಿಗಳು ಹುಲ್ಲಿನಲ್ಲೇ ಇರಲಿ, ಚೀಟಿ ಮಾತ್ರ ಮೇಲೆ ಬರಲಿ ಎಂದರು.

ದೊಡ್ಡ ಜಾಡಿಗಳು ಉಳಿದಿವೆ. ಈಗ ಹುಲ್ಲಪ್ಪನಿಗೆ ಒಂದೇ ಆಸೆ. ಮುಂದಿನ ಬುಧವಾರ ಸುತ್ತಾಟ ಬಿಟ್ಟು, ಆ ಹಿಂದಿನ ಕೋಣೆಯಲ್ಲಿ ದಿನವಿಡೀ ಕೂರಲು ಒಪ್ಪಿಗೆ ಕೇಳಿದ್ದಾರೆ. ರಜೆ ದಿನವೂ ಪೆಟ್ಟಿಗೆಯೇ ಎಂದು ಹೆಂಡತಿ ಗೊಣಗುತ್ತಲೇ ಎರಡು ಟಿಕೆಟ್ ತೆಗೆಸಿದ್ದಾರೆ.

"ಬೇರೆ ಯಾರೋ ಕಟ್ಟಿದ್ದನ್ನ ನಾನು ಬಿಚ್ಚಬೇಕು," ಎನ್ನುತ್ತಾರೆ ಹುಲ್ಲಪ್ಪ. "ಮುಚ್ಚಳ ತೆಗೆದಾಗ ಮೊದಲು ಏನು ಕಾಣತ್ತೆ ಅಂತ ಗೊತ್ತಾದ್ರೆ ಸಾಕು. ಕಟ್ಟೋದು ಇನ್ನೂ ಸ್ವಲ್ಪ ಚೆನ್ನಾಗಿ ಕಲೀಬಹುದು."