ತಾತನಿಗೆ ಕೊಟ್ಟ ಕಲ್ಲು

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆ ಅದು. ಶಿವಾರಪಟ್ಟಣದ ನಮ್ಮ ಮನೆಯಂಗಳದಲ್ಲಿ, ನೀರಿನ ತೊಟ್ಟಿಗೂ ತಾತನ ಕಲ್ಲಿಗೂ ನಡುವೆ, ಚೊಂಬು ಹಿಡಿದು ನಿಂತಿದ್ದೆ. ಮಧ್ಯಾಹ್ನ. ಒಳಗಿನಿಂದ ಬಸ್ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು.

ಆಗೆಲ್ಲ ನಮ್ಮ ಬೀದಿ ತುಂಬ ಕಲ್ಲಿನ ಪುಡಿ. ಉಳಿ ಹಾರಿಸಿದ ಚಕ್ಕೆಗಳೇ ನಮ್ಮ ಕುಂಟೆಬಿಲ್ಲೆ ಆಟಕ್ಕೆ ಬಿಲ್ಲೆ. ವಿಗ್ರಹ ಕಡೆಯುತ್ತಿದ್ದ ತಾತನಿಗೆ ಮರೆವಿನ ಕಾಯಿಲೆ ಹಿಡಿದಿತ್ತು. ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು; ಉಂಡು ಕೈ ತೊಳೆದು ಮತ್ತೆ ಮುದ್ದೆ ಕೇಳುತ್ತಿದ್ದರು. ಆದರೆ ದೇವರ ರೂಪವನ್ನು ವರ್ಣಿಸುವ ಧ್ಯಾನದ ಪದ್ಯ ಮಾತ್ರ ಬಾಯಲ್ಲಿ ಉಳಿದಿತ್ತು. ಅದನ್ನು ಹೇಳಿಕೊಂಡೇ ಉಳಿ ಬಡಿಯುತ್ತಿದ್ದರು. ಎಲ್ಲಾದರೂ ಸಾಲು ತಪ್ಪಿದರೆ ನಾನು ಎತ್ತಿಕೊಡುತ್ತಿದ್ದೆ.

ಗಿರಾಕಿಯೊಬ್ಬರ ವಿಗ್ರಹದ ಮೂಗನ್ನು ಅವರು ಕೆತ್ತಿ ಕೆಡಿಸಿದ ಮೇಲೆ ದೊಡ್ಡಪ್ಪ ಈ ಕಲ್ಲನ್ನು ತಂದಿಟ್ಟರು. "ಬೈರಕೂರು ಕಡೆ ಗುಡಿಗಂತೆ ಅಪ್ಪಾ. ನಿನ್ನ ಕೈಯಲ್ಲೇ ಆಗ್ಬೇಕಂತೆ." ಮನೆಯವರೆಲ್ಲ ಸೇರಿ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟೆವು. ನಾನೂ ನಂಬಿದ್ದೆ. ಒಳಗೆ ದೋಷವಿದೆಯೇ ಎಂದು ತಿಳಿಯಲು ತಾತ ಅದನ್ನು ಬಡಿದು ನಾದ ಕೇಳಲಿಲ್ಲ. ಮಗ ಆರಿಸಿ ತಂದ ಕಲ್ಲನ್ನು ಅಪ್ಪ ಮತ್ತೆ ಬಡಿದು ನೋಡಿದರೆ ಮಗನನ್ನೇ ಅನುಮಾನಿಸಿದಂತೆ.

ಆ ಮಧ್ಯಾಹ್ನ ತಾತ ನನ್ನ ಕೈಯಲ್ಲಿ ನೀರು ಹಾಕಿಸಿ, ಅರ್ಧ ಕಡೆದಿದ್ದ ಕಲ್ಲು ತೊಳೆದರು. ಬಿಸಿಲಿಗೆ ಬೇಗ ಒಣಗಿತು. ದೇವರ ಎದೆಗೆ ಅಡ್ಡಲಾಗಿ ಒಂದು ಸಣ್ಣ ಗೆರೆ ಮಾತ್ರ ಒದ್ದೆಯಾಗಿಯೇ ಉಳಿಯಿತು. ತಾತ ಅದರ ಮೇಲೆ ಬೆರಳಾಡಿಸಿ, ಪಕ್ಕದಲ್ಲಿ ಉಳಿ ಮಸೆಯುತ್ತಿದ್ದ ದೊಡ್ಡಪ್ಪನ ಕಡೆ ತಿರುಗಿದರು.

"ಲೇ, ಇದು ಒಡಕು ಕಲ್ಲು ಕಣೋ. ಪೂಜೆಗಾಗಲ್ಲ. ನೋಡ್ದೆ ತಂದ್ಯಾ?"

ದೊಡ್ಡಪ್ಪ ನೆಲ ನೋಡಿದರು.

"ನೋಡೇ ತಂದ್ಯಾ?"

ದೊಡ್ಡಪ್ಪ ಮತ್ತೆ ಉಳಿ ಮಸೆಯತೊಡಗಿದರು.

"ಮಗೂಗೆ ಗಿಲಕಿ ಕೊಟ್ಟಂಗೆ ಕೊಟ್ಯೇನ್ಲಾ ನಂಗೆ?"

ಬಾಗಿಲಲ್ಲಿದ್ದ ದೊಡ್ಡಮ್ಮ ಗಂಡನಿಗೆ ಮೆಲ್ಲಗೆ ಹೇಳಿದರು: "ಸುಮ್ನಿರಿ, ನಾಳೆಗೆ ಮರ್ತೋಗ್ತಾರೆ."

ಮರೆತೇಬಿಟ್ಟರು. ಬೆಳಿಗ್ಗೆ ಅದೇ ಕಲ್ಲಿನ ಮುಂದೆ ಕೂತು ಪದ್ಯ ಶುರುಮಾಡಿದರು. ನಡುವೆ ತಡವರಿಸಿ ನನ್ನ ಮುಖ ನೋಡಿದರು. "ಮುಂದಕ್ಕೆ ಹೇಳಮ್ಮ." ಸಾಲು ಗೊತ್ತಿತ್ತು, ಹೇಳದೆ ಚೊಂಬು ಹಿಡಿದು ತೊಟ್ಟಿಯ ಕಡೆ ತಿರುಗಿದೆ. ದೊಡ್ಡಪ್ಪನೇ ಅದನ್ನು ಒಂದಕ್ಷರ ತಪ್ಪದೆ, ಬಹಳ ಅಕ್ಕರೆಯಿಂದ ಎತ್ತಿಕೊಟ್ಟರು. ತಾತ ತಲೆದೂಗಿ ಉಳಿ ಕೈಗೆತ್ತಿಕೊಂಡರು.

ಈಗ ನಮ್ಮ ಅಂಗಳದಲ್ಲಿ ಕಲ್ಲು ಕೊಯ್ಯುವ ಮಿಷನ್ನಿನ ಸದ್ದು. ಪದ್ಯ ಹೇಳುವವರಿಲ್ಲ. ಅದು ಹೋಗುವುದೇ ಇತ್ತೇನೋ. ಮನೆಯವರು ಪ್ರೀತಿಯಿಂದ ಆಡಿದ ಮಾತನ್ನು ಹಾಗೆಯೇ ನಂಬುವುದು ನನಗೆ ಆ ಬೇಸಿಗೆಗೇ ಮುಗಿಯಿತು.

ಅಂದು ಅಂಗಳದಲ್ಲಿದ್ದವರಲ್ಲಿ ತಾತ ಇಲ್ಲ, ದೊಡ್ಡಪ್ಪನೂ ಇಲ್ಲ. ನಾನಿದ್ದೇನೆ, ದೊಡ್ಡಮ್ಮ ಇದ್ದಾರೆ. ಆ ಕಲ್ಲಿನ ಬಗ್ಗೆ ಕೇಳಿದರೆ, "ನಿಮ್ ತಾತ ಖುಷಿಯಾಗೇ ಹೋದ್ರಲ್ಲಮ್ಮ," ಅನ್ನುತ್ತಾರೆ.